ಕಾರ್ಮಿಕ ಬಂಧು ಡಾ. ಅಂಬೇಡ್ಕರರು

ಮಹಾಪುರುಷರ ಜೀವನವು ಹಲವು ಬಾಗಿಲುಗಳುಳ್ಳ ಮನೆಯಂತೆ. ಡಾಕ್ಟರ್ ಭೀಮರಾವ್ ಅಂಬೇಡ್ಕರರನ್ನು ರಾಜ್ಯಾಂಗದ ಶಿಲ್ಪಿಯೆಂದೂ ದಲಿತರ ಉದ್ಧಾರಕರೆಂದೂ ನಾವೆಲ್ಲರೂ ಬಲ್ಲೆವು. ಅವರು ಕಾರ್ಮಿಕರ ಮುಂದಾಳುವೂ ಆಗಿದ್ದರೆಂಬುದು ನಮ್ಮಲ್ಲನೇಕರಿಗೆ ತಿಳಿಯದು. ನಾನು ಆ ಬಾಗಿಲನ್ನು ತಟ್ಟಲು ನಮ್ಮ ಮನೆಯ ಒಂದು ಹಳೆಯ ಸಂಗತಿಯೇ ಕಾರಣ.

ನಮ್ಮದು ಕೋಡಿ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಹೊಳೆ. ನನ್ನ ಅಜ್ಜಯ್ಯ ಕುಂದಾಪುರದ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದರು. ಒಮ್ಮೆ ಅಲ್ಲಿ ಮುಷ್ಕರವಾಯಿತು. ಆಗ ಮನೆಯಲ್ಲಿ ಅತ್ತೆಗೆ ಜ್ವರ; ಔಷಧಿಗೆ ಕಾಸಿಲ್ಲ. ಮೂರನೆಯ ವಾರ ಅಜ್ಜಯ್ಯ ನಸುಕಿನಲ್ಲಿ ದೋಣಿ ದಾಟಿ ಕೆಲಸಕ್ಕೆ ಹೋದರು. ಜತೆಯವರು ಮಾತು ಬಿಟ್ಟರು. ಮುಷ್ಕರ ಗೆದ್ದು ಕೂಲಿ ಏರಿದಾಗ ಏರಿದ ಕೂಲಿ ಅಜ್ಜಯ್ಯನ ಕೈಗೂ ಬಂತು. ಅದನ್ನು ತೆಗೆದುಕೊಂಡದ್ದು ಸರಿಯೇ ತಪ್ಪೇ ಎಂದು ಅವರು ಕೊನೆಯವರೆಗೂ ಕೇಳುತ್ತಿದ್ದರು. ಸಂಘದ ಸಭೆಗೆ ಮಣ್ಣು ಹೊರುವವರನ್ನು ಯಾರೂ ಕರೆದಿರಲಿಲ್ಲವೆಂಬ ನೋವೂ ಅವರಿಗಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಅಜ್ಜಯ್ಯನ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದವರು ಅಂಬೇಡ್ಕರರು.

ಅವರು 1891ನೆಯ ಇಸವಿ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಸಾತಾರಾದಲ್ಲಿ ಬಾಲ್ಯ ಕಳೆಯುತ್ತಿದ್ದಾಗ, ಆ ಕಡೆಯ ಹುಡುಗರಿಗೆ ಮುಂಬಯಿಯ ಗಿರಣಿಗಳಲ್ಲಿ ಕೆಲಸ ಸಿಗುತ್ತದೆಂದು ಭೀಮರಾಯನು ಕೇಳಿದನು. ದಾರಿಖರ್ಚಿಗಾಗಿ ಸೋದರತ್ತೆಯ ಹಣದ ಚೀಲವನ್ನು ಕದಿಯಲು ರಾತ್ರಿಗಳನ್ನು ಕಾದನು. ಕೊನೆಗೆ ಚೀಲ ಕೈಗೆ ಬಂದಾಗ ಅದರಲ್ಲಿದ್ದುದು ಅರ್ಧ ಆಣೆ ಮಾತ್ರ! ನಾಚಿದ ಬಾಲಕನು ಗಿರಣಿಯ ಆಸೆಯನ್ನು ಬಿಟ್ಟು ಓದನ್ನು ಹಿಡಿದನು. ಮುಂದೆ ಸಂಸಾರವೇ ಮುಂಬಯಿಗೆ ಬಂದು ಪರೇಲಿನ ಚಾಳಿನಲ್ಲಿ ನೆಲಸಿತು. ಸುತ್ತಲೂ ಗಿರಣಿ ಕೂಲಿಗಳ ಬದುಕು. ಆ ಚಾಳಿನಿಂದಲೇ ಅವರು ಎಲ್ಫಿನ್‌ಸ್ಟನ್ ಕಾಲೇಜಿಗೆ ಹೋಗಿ ಪದವೀಧರರಾದರು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೇರಿಕದ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅನಂತರ ಲಂಡನ್ನಿನಲ್ಲಿ ಅರ್ಥಶಾಸ್ತ್ರ, ನ್ಯಾಯಶಾಸ್ತ್ರಗಳನ್ನು ಮುಗಿಸಿ ಬಂದರು.

1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರು ತಿಂಗಳ ಮಹಾಮುಷ್ಕರ ಹೂಡಿದರು. ಆ ಕಾಲದಲ್ಲಿ ಅಸ್ಪೃಶ್ಯರಿಗೆ ಹೆಚ್ಚು ಕೂಲಿಯ ನೇಯ್ಗೆ ವಿಭಾಗದಲ್ಲಿ ಪ್ರವೇಶವಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆದುಕೊಳ್ಳಬೇಕಾಗುತ್ತಿದ್ದುದರಿಂದ ಜತೆಯ ನೇಕಾರರು ಅವರ ಎಂಜಲಿಗೆ ಹೇಸುತ್ತಿದ್ದರು. ಈ ಬಾಗಿಲನ್ನು ತೆರೆಯುವ ಬೇಡಿಕೆಯನ್ನೂ ಸೇರಿಸದಿದ್ದರೆ ತಮ್ಮವರನ್ನು ಮುಷ್ಕರದಿಂದ ಹಿಂದೆಗೆಯುವೆನೆಂದು ಅಂಬೇಡ್ಕರರು ಸಂಘದ ಮುಂದಾಳುಗಳಿಗೆ ತಿಳಿಸಿದರು. ಅವರು ಅರೆಮನಸ್ಸಿನಿಂದ ಒಪ್ಪಿದರು. ಮರುವರ್ಷ ಮತ್ತೆ ಮುಷ್ಕರವಾದಾಗ ಅಂಬೇಡ್ಕರರು ಅದನ್ನು ಬಹಿರಂಗವಾಗಿ ವಿರೋಧಿಸಿ, ಕೂಲಿಗಳು ಕೆಲಸಕ್ಕೆ ಮರಳಬೇಕೆಂದರು. ಅವರನ್ನು ಮುಷ್ಕರ ಮುರಿದವರೆಂದು ಹಳಿದವರು ಅನೇಕರು.

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದ್ದರೆ ಅಜ್ಜಯ್ಯನಿಗೆ ಅನುಕೂಲವಾದ ತೀರ್ಪು ಸಿಕ್ಕಿತೆಂದು ನಾನು ಹಿಗ್ಗುತ್ತಿದ್ದೆನೇನೋ. ಆದರೆ ಮುಂದಿನ ಪುಟಗಳು ಬೇರೆ ಮಾತನ್ನು ಹೇಳುತ್ತವೆ. 1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು. 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಸರಕಾರ ಕೈಗಾರಿಕಾ ವಿವಾದಗಳ ಮಸೂದೆಯನ್ನು ತಂದಿತು. ಸಂಧಾನದ ವಿಧಿ ಮುಗಿಯುವ ಮುನ್ನ ಹೂಡಿದ ಮುಷ್ಕರ ಅದರ ಪ್ರಕಾರ ಅಪರಾಧ; ಶಿಕ್ಷೆ ಸೆರೆಮನೆ. ಶಾಸನಸಭೆಯಲ್ಲಿ ಅಂಬೇಡ್ಕರರು ಇದನ್ನು ಕಟುವಾಗಿ ಎದುರಿಸಿದರು. ಮನಸ್ಸಿಲ್ಲದವನನ್ನು ಶಿಕ್ಷೆಯ ಭಯದಿಂದ ದುಡಿಸುವುದು ದಾಸ್ಯವಲ್ಲದೆ ಬೇರೇನೂ ಅಲ್ಲವೆಂಬುದು ಅವರ ವಾದ. ಮಸೂದೆ ಅಂಗೀಕಾರವಾಯಿತು. ಅದನ್ನು ಪ್ರತಿಭಟಿಸಿ ನವೆಂಬರ್ 7ರಂದು ಅವರು ಒಂದು ದಿನದ ಮುಷ್ಕರವನ್ನು ನಡೆಸಿದರು. ಹಿಂದೆ ತಾವು ಎದುರಿಸಿದ್ದ ಕಮ್ಯೂನಿಸ್ಟರೇ ಅಂದು ಅವರ ಜತೆಗಾರರು!

1942ರಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1943ರಲ್ಲಿ, ಕಾರ್ಮಿಕರ ನಿಜವಾದ ಪ್ರಾತಿನಿಧ್ಯವುಳ್ಳ ಸಂಘಕ್ಕೆ ಮಾಲೀಕನು ಮನ್ನಣೆ ಕೊಡಲೇಬೇಕೆಂಬ ಮಸೂದೆಯನ್ನು ಮಂಡಿಸಿದರು. 1947ರಲ್ಲಿ ಇಂಥ ತಿದ್ದುಪಡಿಯೊಂದು ಶಾಸನವಾದರೂ ಜಾರಿಗೆ ಬರಲಿಲ್ಲ. ಸಂಘ ಕಟ್ಟುವ ಹಕ್ಕು ರಾಜ್ಯಾಂಗದ 19ನೆಯ ವಿಧಿಯಲ್ಲಿಯೂ, ಉದ್ಯೋಗದ ಹಕ್ಕು 41ನೆಯ ವಿಧಿಯಲ್ಲಿ ನಿರ್ದೇಶಕ ತತ್ತ್ವವಾಗಿಯೂ ಸೇರಿದುವು. 1956ರ ಡಿಸೆಂಬರ್ 6ರಂದು ಅವರು ದೆಹಲಿಯಲ್ಲಿ ತೀರಿಕೊಂಡರು.

ಅವರು ಓದಿದ ಅಮೇರಿಕದಲ್ಲಿ ಇದೇ ವಿಷಯ ಇಂದಿಗೂ ದೊಡ್ಡ ವಿವಾದ. 1947ರ ಟಾಫ್ಟ್–ಹಾರ್ಟ್ಲಿ ಶಾಸನದ ಬಲದಿಂದ ಅಲ್ಲಿಯ 26 ರಾಜ್ಯಗಳಲ್ಲಿ ಕೆಲಸದ ಹಕ್ಕಿನ ಕಾಯಿದೆಗಳಿವೆ. ಅಲ್ಲಿ ಆ ಹೆಸರಿನ ಅರ್ಥ ಬೇರೆ. ಅದು ಉದ್ಯೋಗ ದೊರಕಿಸುವ ಹಕ್ಕಲ್ಲ. ಸಂಘಕ್ಕೆ ಚಂದಾ ಕೊಡದವನನ್ನು ಕೆಲಸದಿಂದ ತೆಗೆಯಬಾರದೆಂಬ ಕಟ್ಟಳೆ. ಒಬ್ಬನ ಇಚ್ಛೆಯನ್ನು ಹತ್ತು ಜನ ತುಳಿಯಬಾರದೆನ್ನುವರು ಒಂದು ಪಕ್ಷದವರು. ಹತ್ತು ಜನ ಹಸಿದು ಗಳಿಸಿದ್ದನ್ನು ಹಸಿಯದವನೂ ಉಣ್ಣುವುದು ನ್ಯಾಯವೇ ಎನ್ನುವರು ಇನ್ನೊಂದು ಪಕ್ಷದವರು. ನಮ್ಮ ದೇಶದಲ್ಲಿಯೂ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ನೂರಕ್ಕೆ 51 ಕಾರ್ಮಿಕರ ಬೆಂಬಲವುಳ್ಳ ಸಂಘಕ್ಕೆ ಮಾತುಕತೆಯ ಅಧಿಕಾರ ಕೊಟ್ಟು, ಮುಷ್ಕರಕ್ಕೆ ಮುನ್ಸೂಚನೆಯನ್ನು ಕಡ್ಡಾಯ ಮಾಡಿರುವುದರಿಂದ ಈ ಚರ್ಚೆ ನಮಗೆ ದೂರದ್ದಲ್ಲ.

1929ರಲ್ಲಿ ಮುಷ್ಕರ ಬೇಡವೆಂದವರೂ 1938ರಲ್ಲಿ ಮುಷ್ಕರ ಹೂಡಿದವರೂ ಒಬ್ಬರೇ. ಇದರಲ್ಲಿ ಚಂಚಲತೆಯನ್ನು ಕಾಣುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ದುಡಿಮೆ ದುಡಿಯುವವನ ಸ್ವತ್ತು. ಅದನ್ನು ಸರಕಾರವೂ ಕಟ್ಟಿಹಾಕಬಾರದು, ಸಂಘವೂ ಕಡೆಗಣಿಸಬಾರದು. ಎಲ್ಲರಿಗೂ ಬಾಗಿಲು ತೆರೆದ ಸಂಘ ಮಾತ್ರ ಎಲ್ಲರೂ ಜತೆಗೆ ನಿಲ್ಲಿರೆಂದು ಕೇಳಬಲ್ಲುದು. ಹಾಗೆ ಕೇಳಿದಾಗ ನಿಲ್ಲುವುದು ನಮ್ಮ ಧರ್ಮ.

ಮುಷ್ಕರದ ಮರುವರ್ಷ ಸಂಘದವರೊಬ್ಬರು ನಮ್ಮ ಅಂಗಳಕ್ಕೆ ಬಂದು, ಚಾಪೆಯ ಮೇಲೆ ಕುಳಿತು, ಅಜ್ಜಯ್ಯನನ್ನು ಸದಸ್ಯರಾಗುವಂತೆ ಕೇಳಿದರಂತೆ. ಅಜ್ಜಯ್ಯ ಒಳಗೆ ಹೋಗಿ ಚಂದಾ ತಂದುಕೊಟ್ಟರು. ಕಾರ್ಖಾನೆ ಮುಚ್ಚುವವರೆಗೆ ಒಂದು ತಿಂಗಳೂ ಅದನ್ನು ತಪ್ಪಿಸಲಿಲ್ಲ. ಅವರ ಪ್ರಶ್ನೆಗೆ ನಾನು ಹುಡುಕಿದ ಉತ್ತರವನ್ನು ಕೇಳಲು ಈಗ ಅವರಿಲ್ಲ. ಅದನ್ನು ನನ್ನ ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಟ್ಟಿದ್ದೇನೆ.