ಬರಿಗಾಲಿನ ಅಯ್ಯರ್ ಮತ್ತು ಹಾಡದ ನಾಲಗೆ

ಜಿ.ವಿ. ಅಯ್ಯರ್ ಎಂದೊಡನೆ ನಮ್ಮ ನೆನಪು ಸಂಸ್ಕೃತ, ಆಚಾರ್ಯರು ಮತ್ತು ಬರಿಗಾಲು ಇಷ್ಟಕ್ಕೇ ನಿಂತುಬಿಡುತ್ತದೆ. ಅವರನ್ನು ಭಕ್ತಿಯ ಗದ್ದುಗೆಯಲ್ಲಿ ಕೂರಿಸಿದ ನಾವು, ಅವರೊಳಗಿನ ಬಂಡಾಯಗಾರನನ್ನು ಕಾಣದೆ ಹೋದೆವೆಂಬುದು ನನ್ನ ಬಹುದಿನದ ತಕರಾರು.

1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಅಯ್ಯರ್ ಬಾಲ್ಯದಲ್ಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಶಿಗ್ಲಿ, ಲಕ್ಷ್ಮೇಶ್ವರದ ಕಡೆ ಕಂಪನಿ ನಾಟಕ ನೋಡುತ್ತ ಬೆಳೆದ ನನಗೆ ಆ ರಂಗಭೂಮಿಯ ಶಿಸ್ತೂ ಗೊತ್ತು, ಅಬ್ಬರವೂ ಗೊತ್ತು. ಅಲ್ಲಿಂದ ಸಿನಿಮಾಕ್ಕೆ ಬಂದು ನಟಿಸಿದರು, ಹಾಡು ಸಂಭಾಷಣೆ ಬರೆದರು; ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಅವರೊಡನೆ ಸೇರಿ ‘ರಣಧೀರ ಕಂಠೀರವ’ (1960) ನಿರ್ಮಿಸಿದರು. ಜನಪ್ರಿಯ ಚಿತ್ರರಂಗದಲ್ಲಿ ಇಷ್ಟು ಬೇರೂರಿದ್ದವರು 1972ರಲ್ಲಿ ‘ವಂಶವೃಕ್ಷ’ಕ್ಕೆ ನಿರ್ಮಾಪಕರಾಗಿ, ನಿರ್ದೇಶನವನ್ನು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರಿಗೆ ಒಪ್ಪಿಸಿದರು. ಹಳಬನೊಬ್ಬ ಹೊಸಬರಿಗೆ ದಾರಿ ಬಿಟ್ಟು, ಅದೇ ದಾರಿಯಲ್ಲಿ ತಾನೂ ನಡೆದದ್ದು ನಮ್ಮಲ್ಲಿ ಅಪರೂಪ.

ಆ ನಡಿಗೆಯ ಫಲ 1975ರ ‘ಹಂಸಗೀತೆ’. ಆಗ ಅಯ್ಯರ್ ಅರುವತ್ತರ ಹತ್ತಿರದಲ್ಲಿದ್ದರು. ತ.ರಾ.ಸು. ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಅನಂತನಾಗ್ ಅಭಿನಯಿಸಿದ ಭೈರವಿ ವೆಂಕಟಸುಬ್ಬಯ್ಯ, ಅಧಿಕಾರದ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಬಾಲಮುರಳಿಕೃಷ್ಣ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದ ಚಿತ್ರದ ನಾಯಕ ಕೊನೆಗೆ ಮೂಕನಾಗುತ್ತಾನೆ! ತುರ್ತು ಪರಿಸ್ಥಿತಿ ಘೋಷಣೆಯಾದದ್ದೂ ಅದೇ ವರ್ಷ. ಕಾಕತಾಳೀಯವೇ ಇರಬಹುದು, ಆದರೆ ಪ್ರೇಕ್ಷಕನ ಮನಸ್ಸು ಅದನ್ನು ಬಿಟ್ಟು ನೋಡಲಾರದು.

ಇಲ್ಲಿ ನನಗೆ ರಷ್ಯಾದ ಆಂದ್ರೇ ತಾರ್ಕೋವ್‌ಸ್ಕಿ ನೆನಪಾಗುತ್ತಾರೆ. 1966ರಲ್ಲಿ ಸಿದ್ಧವಾದ ಅವರ ‘ಆಂದ್ರೇ ರುಬ್ಲ್ಯೋವ್’ನಲ್ಲಿ ಸನ್ಯಾಸಿ ಚಿತ್ರಕಾರ ಹಿಂಸೆಯನ್ನು ಕಂಡು ಮೌನವ್ರತ ತೊಡುತ್ತಾನೆ. ಆ ಚಿತ್ರ ಸ್ವದೇಶದ ತೆರೆಗೆ ಬರಲು ಐದು ವರ್ಷ ಕಾಯಬೇಕಾಯಿತು. ನಿರ್ದೇಶಕ 1986ರಲ್ಲಿ ಪ್ಯಾರಿಸ್ಸಿನಲ್ಲಿ, ಪರದೇಶಿಯಾಗಿ ತೀರಿಕೊಂಡರು. ಅಯ್ಯರ್ ಅವರಿಗೆ ಅಂಥ ಶಿಕ್ಷೆಯಾಗಲಿಲ್ಲ, ಸನ್ಮಾನವಾಯಿತು. ಸನ್ಮಾನವೂ ಕೆಲವೊಮ್ಮೆ ಕಲಾವಿದನನ್ನು ಮರೆಮಾಡುತ್ತದೆ.

1983ರ ‘ಆದಿ ಶಂಕರಾಚಾರ್ಯ’ ಸಂಸ್ಕೃತದ ಮೊದಲ ಚಲನಚಿತ್ರ. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದರಲ್ಲಿ ಮೃತ್ಯುವನ್ನು ಶಂಕರರ ಒಡನಾಡಿಯಾಗಿ, ಮನುಷ್ಯರೂಪದಲ್ಲಿ ನಡೆಸಿದ ಕಲ್ಪನೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮಧು ಅಂಬಾಟರ ಕ್ಯಾಮೆರಾ ಪವಾಡಕ್ಕಿಂತ ಹೆಚ್ಚಾಗಿ ನೀರನ್ನೂ ಬೆಳಕನ್ನೂ ನಂಬುತ್ತದೆ. ಮುಂದೆ ಕನ್ನಡದಲ್ಲಿ ಮಧ್ವರು, ತಮಿಳಿನಲ್ಲಿ ರಾಮಾನುಜರು, ಮತ್ತೆ ಸಂಸ್ಕೃತದಲ್ಲಿ ‘ಭಗವದ್ಗೀತೆ’ ಬಂದವು. ಈ ಸಾಲಿನಲ್ಲಿ ನಿಷ್ಠೆ ಹೆಚ್ಚಿತು, ಸಂದೇಹ ಕಡಿಮೆಯಾಯಿತು. ಹಾಗಾಗಿ ನನ್ನ ಪಾಲಿಗೆ ‘ಹಂಸಗೀತೆ’ಯೇ ಮೇಲು.

2003ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಿಧನರಾದಾಗ ಅವರಿಗೆ 86 ವರ್ಷ. ರಾಮಾಯಣವನ್ನು ತೆರೆಗೆ ತರುವ ಆಸೆ ಆಗಲೂ ಇತ್ತು. ಅವರ ಜನ್ಮಶತಮಾನೋತ್ಸವದ ವರ್ಷ, 2017, ಹೆಚ್ಚು ಸದ್ದಿಲ್ಲದೆ ಸರಿದುಹೋಯಿತು. ಚಿತ್ರದುರ್ಗದ ಗಾಯಕನ ಕತೆ ನಮ್ಮ ಕಡೆಯ ಊರುಗಳ ಹುಡುಗರಿಗೆ ಇನ್ನೂ ತಲುಪಬೇಕಾಗಿದೆ.