ಗ್ರೆನೇಡು ಹಿಡಿದು ದೋಣಿ ಹತ್ತಿದ ಸಾಹಿತಿ

ಸಾಹಿತಿ ಅಂದ್ರೆ ಶಾಲು, ಹಾರ, ಸನ್ಮಾನ ಅಂದುಕೊಂಡವರೇ ನಮ್ಮಲ್ಲಿ ಜಾಸ್ತಿ. ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೇ ಆ ಪೈಕಿ ಅಲ್ಲ. 1899ರಲ್ಲಿ ಚಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಡಾಕ್ಟರೊಬ್ಬರ ಮಗನಾಗಿ ಹುಟ್ಟಿದ ಈ ಆಸಾಮಿ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಹೈಸ್ಕೂಲು ಮುಗಿಸಿ ಸೀದಾ ಪತ್ರಿಕೆಯ ವರದಿಗಾರನಾದ. 19 ತುಂಬುವ ಮೊದಲೇ ಇಟಲಿಯ ರಣರಂಗಕ್ಕೆ ಆಂಬುಲೆನ್ಸ್ ಓಡಿಸಲು ಹೋಗಿ, ಕಾಲಿನ ತುಂಬಾ ಷೆಲ್ ಚೂರು ಹೊಡೆಸಿಕೊಂಡ. ಆಮೇಲೆ ಪ್ಯಾರಿಸ್, ಕಾದಂಬರಿ, ಹೆಸರು, ದುಡ್ಡು, ಒಟ್ಟು ನಾಲ್ಕು ಮದುವೆ. ಅದೆಲ್ಲ ಪುಸ್ತಕದವರಿಗೆ ಬಿಡೋಣ. ಇಲ್ಲಿ ಹೇಳಬೇಕಾದ್ದು ಒಂದು ಬೋಟಿನ ಸಂಗತಿ.

1934ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಟ್ಟಿಸಿದ ಮರದ ಬೋಟು. ಹೆಸರು ಪಿಲಾರ್. ಉದ್ದ 38 ಅಡಿ, ಅಂದ್ರೆ ಹೆಚ್ಚುಕಮ್ಮಿ ಒಂದು ಬಸ್ಸಿನಷ್ಟು. ದೊಡ್ಡ ಮೀನು ಹಿಡಿಯುವ ಚಟಕ್ಕೆ ಕೊಂಡದ್ದು. ಮುಂದೆ ಹೆಮಿಂಗ್ವೇ ಕ್ಯೂಬಾದ ಹವಾನಾ ಹೊರವಲಯದಲ್ಲಿ ಮನೆ ಮಾಡಿದ. ಕೊಹಿಮಾರ್ ಎಂಬ ಬೆಸ್ತರ ಹಳ್ಳಿಯ ಪುಟ್ಟ ಕೊಲ್ಲಿಯೇ ಬೋಟಿನ ತಂಗುದಾಣವಾಯಿತು. ಬೋಟು ನೋಡಿಕೊಳ್ಳಲು, ಅಡುಗೆ ಮಾಡಲು ಗ್ರೆಗೋರಿಯೊ ಫ್ಯೂಯೆಂಟೆಸ್ ಎಂಬ ಪಳಗಿದ ನಾವಿಕ ಸಿಕ್ಕಿದ.

ಅಷ್ಟರಲ್ಲಿ ಎರಡನೇ ಮಹಾಯುದ್ಧ. 1942ರಲ್ಲಿ ಜರ್ಮನ್ ಸಬ್‌ಮರೀನುಗಳು ಕೆರಿಬಿಯನ್ ಸಮುದ್ರಕ್ಕೇ ನುಗ್ಗಿ ಎಣ್ಣೆ ಹಡಗುಗಳನ್ನು ಸಾಲಾಗಿ ಮುಳುಗಿಸತೊಡಗಿದವು. ಅಮೆರಿಕದ ನೌಕಾದಳಕ್ಕೆ ಕಾವಲು ಹಡಗುಗಳೇ ಸಾಲದು. ಕಡೆಗೆ ಖಾಸಗಿ ಬೋಟಿನವರನ್ನೂ ಸ್ವಯಂಸೇವಕರಾಗಿ ಕಾವಲಿಗೆ ಕರೆದರು. ಹೆಮಿಂಗ್ವೇಗೆ ಇಷ್ಟೇ ಬೇಕಿತ್ತು. ಹವಾನಾದ ಅಮೆರಿಕನ್ ರಾಯಭಾರಿ ಸ್ಪ್ರುಯಿಲ್ ಬ್ರೇಡನ್ ಹತ್ತಿರ ಹೋಗಿ ಬಂದೂಕು, ಗ್ರೆನೇಡು, ರೇಡಿಯೋ, ಪೆಟ್ರೋಲು ಮಂಜೂರು ಮಾಡಿಸಿಕೊಂಡ.

ತಂಡ ನೋಡಿ: ನಾವಿಕ ಗ್ರೆಗೋರಿಯೊ, ಪೋಲೊ ಆಡುವ ಶ್ರೀಮಂತ ವಿನ್‌ಸ್ಟನ್ ಗೆಸ್ಟ್, ಸ್ಪೇನಿನಿಂದ ಬಂದು ಹವಾನಾದಲ್ಲಿ ಚೆಂಡಾಟವಾಡುತ್ತಿದ್ದ ಬಾಸ್ಕ್ ಜನ, ರೇಡಿಯೋ ಹಿಡಿಯಲು ಒಬ್ಬ ಸೈನಿಕ. ಚೆಂಡಾಟದವರು ಯಾಕೆ? ಅದೇ ಗಮ್ಮತ್ತು. ಸಬ್‌ಮರೀನಿನವರು ಆಗಾಗ ಮೇಲೆ ಬಂದು ಮೀನುಗಾರರ ದೋಣಿ ತಡೆದು ಮೀನು, ಸಿಹಿನೀರು ಕಿತ್ತುಕೊಳ್ಳೋರು. ಪಿಲಾರ್ ಸಾಧು ದೋಣಿಯ ಹಾಗೆ ತೇಲುತ್ತಿರಬೇಕು. ಸಬ್‌ಮರೀನು ಪಕ್ಕಕ್ಕೆ ಬಂದ ಕೂಡಲೇ ಇವರು ಗುರಿಯಿಟ್ಟು ಅದರ ಬಾಯೊಳಕ್ಕೆ ಗ್ರೆನೇಡು ಎಸೀಬೇಕು! ಸಬ್‌ಮರೀನಿನ ಫಿರಂಗಿ ಒಂದೇ ಒಂದು ಸಲ ಕೆಮ್ಮಿದ್ದರೆ ಮರದ ಬೋಟಿನ ಚಕ್ಕೆಯೂ ಸಿಗುತ್ತಿರಲಿಲ್ಲ. ಶಾಲೆಯ ರಜೆಗೆ ಬಂದಿದ್ದ ಇಬ್ಬರು ಗಂಡುಮಕ್ಕಳನ್ನೂ ಅಪ್ಪ ಜೊತೆಗೆ ಹತ್ತಿಸಿಕೊಂಡಿದ್ದ. ಇದಕ್ಕೆ ಧೈರ್ಯ ಅನ್ನೋದು ಕಷ್ಟ.

ಹೀಗೆ 1943ರ ಬೇಸಿಗೆಯ ತನಕ ತಿರುಗಿದರು. ಕಾಯೋ ಕಾನ್ಫಿಟೆಸ್ ಎಂಬ ಚಿಟಿಕೆ ಮರಳಿನ ದ್ವೀಪದಲ್ಲಿ ಠಿಕಾಣಿ, ಬಿಸಿಲು, ಉಪ್ಪುಗಾಳಿ, ಡಬ್ಬಿ ಊಟ. 1942ರ ಡಿಸೆಂಬರಿನಲ್ಲಿ ಒಂದೇ ಒಂದು ಸಲ ಸಬ್‌ಮರೀನಿನಂಥದ್ದು ದೂರದಲ್ಲಿ ಕಂಡಿತು. ಇವರು ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ಅದು ದೂರ ಹೋಗಿಯಾಗಿತ್ತು. ಮೂರನೇ ಹೆಂಡತಿ, ಪತ್ರಕರ್ತೆ ಮಾರ್ಥಾ ಗೆಲ್‌ಹಾರ್ನ್‌ಗೆ ಇದೆಲ್ಲ ರೇಷನ್ ಪೆಟ್ರೋಲಿನಲ್ಲಿ ಮೀನು ಹಿಡಿಯುವ, ಕುಡಿಯುವ ನೆಪವಾಗಿ ಕಂಡಿತು. ಆಕೆ ಯುದ್ಧದ ವರದಿಗೆ ಯುರೋಪಿಗೆ ಹೊರಟೇಬಿಟ್ಟಳು. ಸಂಸಾರ 1945ರಲ್ಲಿ ಮುರಿಯಿತು. ಆ ಭಾಗದಲ್ಲಿ ನಿಜವಾಗಿ ಸಬ್‌ಮರೀನು ಮುಳುಗಿಸಿದ್ದು ಕ್ಯೂಬಾ ನೌಕಾದಳದ ಸಣ್ಣ ಕಾವಲು ಹಡಗು. 1943ರ ಮೇ 15ರಂದು ಅದು ಯು-176ನ್ನು ತಳ ಕಾಣಿಸಿತು. ಅದಕ್ಕೆ ಪ್ರಚಾರ ಕೊಡುವ ಸಾಹಿತಿ ಇರಲಿಲ್ಲ.

ಆದ್ರೆ ಆ ತಿರುಗಾಟ ಪೂರ್ತಿ ದಂಡವಲ್ಲ. ಕೊಹಿಮಾರಿನ ಬೆಸ್ತರ ಜೊತೆ ಕಳೆದ ವರ್ಷಗಳೇ 1952ರಲ್ಲಿ ಮುದುಕ ಮೀನುಗಾರನ ಆ ಸಣ್ಣ ಕಾದಂಬರಿಯಾಗಿ ಬಂದವು. 1954ರಲ್ಲಿ ನೊಬೆಲ್ ಬಂತು. ಪದಕವನ್ನು ಆತ ಕ್ಯೂಬಾದ ಎಲ್ ಕೋಬ್ರೆ ಮಾತೆಗೆ ಒಪ್ಪಿಸಿದ.

ಇನ್ನೊಂದು ಬಾಕಿ ಇತ್ತು. ಬೋಟಿಗೆ ಮುಂಚೆ ಹೆಮಿಂಗ್ವೇ ರಾಯಭಾರಿಗಾಗಿ ಗೂಢಚಾರರ ಒಂದು ಗುಂಪು ಕಟ್ಟಿದ್ದ. ಅಮೆರಿಕದ ಎಫ್‌ಬಿಐನವರಿಗೆ ಅದು ಕಣ್ಣುರಿ. 1942ರಲ್ಲೇ ಆತನ ಮೇಲೆ ಫೈಲು ತೆರೆದರು. 1960ರಲ್ಲಿ ಕ್ಯೂಬಾ ಬಿಟ್ಟ ಹೆಮಿಂಗ್ವೇ, ಪೊಲೀಸರು ಹಿಂದೆ ಬಿದ್ದಿದ್ದಾರೆ ಅಂತ ಗೋಳಾಡುತ್ತಿದ್ದ. ಮನೆಯವರು, ಸ್ನೇಹಿತರು ಚಿತ್ತವಿಭ್ರಮೆ ಅಂದುಕೊಂಡರು. ಆಸ್ಪತ್ರೆಯಲ್ಲಿ ಕರೆಂಟ್ ಶಾಕ್ ಕೊಡಿಸಿದರು. ಕಾಯಿಲೆ ಇದ್ದದ್ದೂ ನಿಜ. ಫೈಲು ಹೊರಬಿದ್ದದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. 1961ರ ಜುಲೈ 2ರ ಬೆಳಿಗ್ಗೆ, ಅಪ್ಪ 1928ರಲ್ಲಿ ಮಾಡಿಕೊಂಡ ಹಾಗೇ, ಆತನೂ ಬಂದೂಕಿನಿಂದ ಪ್ರಾಣ ಕಳಕೊಂಡ.

ಪಿಲಾರ್ ಈಗಲೂ ಹವಾನಾದ ಆ ಮನೆಯ ಅಂಗಳದಲ್ಲಿ ನಿಂತಿದೆ. ಗ್ರೆಗೋರಿಯೊ 2002ರ ತನಕ, 104 ವರ್ಷ ಬಾಳಿದ. ಹೆಮಿಂಗ್ವೇ ಸತ್ತ ಸುದ್ದಿ ಕೇಳಿದಾಗ ಕೊಹಿಮಾರಿನ ಬೆಸ್ತರು ಆತನ ಪ್ರತಿಮೆ ಮಾಡಿಸಲು ಹೊರಟಿದ್ದರು. ಕೈಯಲ್ಲಿ ಕಾಸಿಲ್ಲ. ತಮ್ಮ ದೋಣಿಗಳ ಹಳೇ ಪ್ರೊಪೆಲ್ಲರು, ಹಿತ್ತಾಳೆ ತುಂಡು ಬಿಚ್ಚಿ ಕೊಟ್ಟು ಕರಗಿಸಿದರು. ಕೊಲ್ಲಿಯ ದಂಡೆಯಲ್ಲಿ ನಿಂತಿರುವುದು ಅದೇ.