ರೈತರನ್ನು ಗುರುವೆಂದ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್

ಕಾಂಪೋಸ್ಟ್ ಎಂಬ ಮಾತು ನಿಮಗೆ ಹೊಸದಲ್ಲ. ಆದರೆ ಕಸಕಡ್ಡಿಯಿಂದ ಕ್ರಮವಾಗಿ ಗೊಬ್ಬರ ಮಾಡುವ ಇಂದೂರು ವಿಧಾನವನ್ನು ರೂಪಿಸಿದ ಸರ್ ಆಲ್ಬರ್ಟ್ ಹೊವಾರ್ಡ್ ಅವರ ಜೀವನ ತಿಳಿದವರು ಕಡಿಮೆ. ಅವರಿಂದ ಕಲಿಯಬೇಕಾದ್ದು ಗುಂಡಿಯ ಅಳತೆ ಮಾತ್ರವಲ್ಲ, ಬೇಸಾಯವನ್ನು ನೋಡುವ ದೃಷ್ಟಿಯೂ ಹೌದು.

ಹೊವಾರ್ಡ್ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನ ಒಂದು ಒಕ್ಕಲು ಮನೆತನದಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, 1899ರಲ್ಲಿ ವೆಸ್ಟ್ ಇಂಡೀಸ್‌ಗೆ ಹೋಗಿ ಕಬ್ಬು ಮೊದಲಾದ ಬೆಳೆಗಳ ರೋಗಗಳನ್ನು ಅಭ್ಯಾಸ ಮಾಡಿದರು. ಅಲ್ಲಿ ಪ್ರಯೋಗಾಲಯವಿತ್ತು, ಆದರೆ ತಾವು ಹೇಳಿದ ಉಪಾಯವನ್ನು ಮಾಡಿ ನೋಡಲು ಸ್ವಂತದ ಒಂದು ಹೊಲವಿರಲಿಲ್ಲ. ತಾನೇ ಬೆಳೆಯದವನು ಬೆಳೆಯುವವನಿಗೆ ಬುದ್ಧಿ ಹೇಳುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತು.

1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಗೆ ಬಂದಾಗ ಅವರಿಗೆ 75 ಎಕರೆ ಭೂಮಿ ದೊರೆಯಿತು. ಸುತ್ತಲಿನ ರೈತರು ಯಾವ ಔಷಧಿಯನ್ನೂ ಸಿಂಪಡಿಸದಿದ್ದರೂ ಅವರ ಬೆಳೆಗೆ ಕೀಟಬಾಧೆ ಕಡಿಮೆ ಇರುವುದನ್ನು ಹೊವಾರ್ಡ್ ಗಮನಿಸಿದರು. ಅಂದಿನಿಂದ ಆ ರೈತರನ್ನೂ ಕೀಟಗಳನ್ನೂ ತಮ್ಮ ಗುರುಗಳೆಂದು ಭಾವಿಸಿದರು. ಬೆಳೆಗೆ ರೋಗ ಬಂದರೆ ತಳಿ ಆ ಭೂಮಿಗೆ ಒಗ್ಗಿಲ್ಲ, ಇಲ್ಲವೇ ಮಣ್ಣಿನಲ್ಲಿ ಗಾಳಿ, ನೀರು, ಸಾರಗಳ ಹೊಂದಾಣಿಕೆ ತಪ್ಪಿದೆ ಎಂದು ತಿಳಿದು, ಮೊದಲು ಬೇರನ್ನು ಅಗೆದು ನೋಡುತ್ತಿದ್ದರು. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯಲ್ ಅವರೊಡನೆ ಪೂಸಾ 4, ಪೂಸಾ 12 ಮುಂತಾದ ಗೋಧಿ ತಳಿಗಳನ್ನೂ ಹೊರತಂದರು.

ಅವರ ಎತ್ತುಗಳಿಗೆ ಹಸಿರು ಮೇವು ಮತ್ತು ಶುಚಿಯಾದ ಕೊಟ್ಟಿಗೆ ಸಿಗುತ್ತಿತ್ತು. ಕಾಲುಬಾಯಿ ಜ್ವರ ಬಂದಿದ್ದ ನೆರೆಯ ದನಗಳೊಡನೆ ಮೂಗು ತಾಗಿಸಿದರೂ ಆ ಎತ್ತುಗಳಿಗೆ ಜ್ವರ ಬರಲಿಲ್ಲವೆಂದು ಅವರು ಬರೆದಿದ್ದಾರೆ. ಇದನ್ನು ಓದಿ ನೀವು ಲಸಿಕೆ ಹಾಕಿಸುವುದನ್ನು ಬಿಡಬೇಡಿ. ಪಾಲನೆ ಚೆನ್ನಾಗಿದ್ದರೂ ಲಸಿಕೆ ಬೇಕೇ ಬೇಕು.

1924ರಲ್ಲಿ ಅವರು ಇಂದೂರಿನಲ್ಲಿ ಹೊಸ ಸಂಶೋಧನಾ ಕೇಂದ್ರ ಆರಂಭಿಸಿದರು. ನಮ್ಮ ದೇಶದ ಸಗಣಿಯಲ್ಲಿ ದೊಡ್ಡ ಪಾಲು ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು. ಇರುವಷ್ಟೇ ಸಗಣಿಯಿಂದ ಹೆಚ್ಚು ಗೊಬ್ಬರ ಪಡೆಯುವುದು ಅವರ ಗುರಿ. ಚೀನಾ ದೇಶದ ರೈತರ ಪದ್ಧತಿಯಿಂದಲೂ ಅವರು ಪಾಠ ಕಲಿತರು. ಗಡುಸಾದ ಹತ್ತಿ ಕಟ್ಟಿಗೆಯನ್ನು ದಾರಿಯಲ್ಲಿ ಹರಡಿ ಗಾಡಿಯ ಚಕ್ರದಡಿ ನುಗ್ಗಾಗಿಸಿದರು. ಕಸವನ್ನು ದನಗಳ ಕಾಲಡಿ ಹಾಸಿ, ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಬೂದಿಯೊಡನೆ ಪದರ ಪದರವಾಗಿ ಗುಂಡಿಗೆ ತುಂಬಿದರು. ಕೆಳಗಿನವರೆಗೆ ಗಾಳಿಯಾಡಬೇಕಾದ್ದರಿಂದ ಗುಂಡಿ 3 ಅಡಿಗಿಂತ ಆಳವಿರುತ್ತಿರಲಿಲ್ಲ. ಹದವಾಗಿ ನೀರು ಚಿಮುಕಿಸಿ ಮೂರು ಸಲ ಮಗುಚಿದರೆ ಸುಮಾರು 3 ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತಿತ್ತು.

1930ರಲ್ಲಿ ಗೇಬ್ರಿಯಲ್ ತೀರಿಕೊಂಡರು. 1931ರಲ್ಲಿ, ಯಶವಂತ ವಾಡ್ ಅವರೊಡನೆ ಬರೆದ ಗೊಬ್ಬರದ ಪುಸ್ತಕ ಪ್ರಕಟವಾದ ವರ್ಷವೇ, ಹೊವಾರ್ಡ್ ಇಂಗ್ಲೆಂಡಿಗೆ ಮರಳಿದರು. 1934ರಲ್ಲಿ ಸರ್ ಪದವಿ ಬಂದಿತು. ರಾಸಾಯನಿಕ ಗೊಬ್ಬರವನ್ನೇ ನೆಚ್ಚಿದ ಬೇಸಾಯವನ್ನು ಕೊನೆಯವರೆಗೂ ವಿರೋಧಿಸಿ, 1947ರಲ್ಲಿ ನಿಧನರಾದರು.

ಮಗುಚಲು ಆಳು ಸಿಗದು, ನೀರಿಗೂ ಬರ ಎಂದು ನೀವು ಹೇಳಬಹುದು. ಅದಕ್ಕೂ ದಾರಿಯಿದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಬೆಂಗಳೂರು ವಿಧಾನವನ್ನು ರೂಪಿಸಿದರು. ಗುಂಡಿ ತುಂಬಿದ ಮೇಲೆ ಮಣ್ಣಿನಿಂದ ಮೆತ್ತಿಬಿಟ್ಟರಾಯಿತು, ಮಗುಚುವ ಕೆಲಸವಿಲ್ಲ. ಗೊಬ್ಬರವಾಗಲು ಹೆಚ್ಚು ತಿಂಗಳು ಬೇಕು, ಅಷ್ಟೆ. ತನ್ನ ಆಳು, ನೀರು, ಸಮಯಗಳನ್ನು ಲೆಕ್ಕ ಹಾಕಿ ವಿಧಾನ ಆರಿಸುವವನೇ ಜಾಣ ರೈತ.

ಹೊವಾರ್ಡರ ಮಾತು ಕೇಳಿ ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಲ್ಲಿಸಿದರೆ ಇಳುವರಿ ಕುಸಿಯಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಗೊಬ್ಬರ ಹೆಚ್ಚಿಸುತ್ತಾ ಅದನ್ನು ಹಂತ ಹಂತವಾಗಿ ತಗ್ಗಿಸಿ. ಆದರೆ ಕಬ್ಬಿನ ರವದಿಗೆ ಬೆಂಕಿ ಇಡುವುದನ್ನು ಮಾತ್ರ ಇಂದೇ ಬಿಡಿ. ಗಂಜಲ ಚರಂಡಿಗೆ ಹರಿಯದಂತೆ ಕೊಟ್ಟಿಗೆಯಲ್ಲಿ ಮಣ್ಣು ಹಾಸಿ. ಇವೆರಡಕ್ಕೂ ಸಾಲ ಬೇಡ, ಸಹಾಯಧನವೂ ಬೇಡ. ಕಸವೆಂದು ಕಂಡದ್ದನ್ನು ಸಾರವೆಂದು ನೋಡುವ ಮನಸ್ಸಿದ್ದರೆ ಸಾಕು.